ಬಾಯಿ ಮುಚ್ಚಿದ ಗಾಯ ಮಾಯ್ದಂತೆಯೇ? ಚರ್ಮ ತನ್ನನ್ನು ತಾನು ಕಟ್ಟಿಕೊಳ್ಳುವ ಬಗೆ

ಸಂಕ್ರಾಂತಿ ಕಳೆಯುತ್ತಿದ್ದಂತೆ ನವಲಗುಂದ, ಅಣ್ಣಿಗೇರಿ, ನರಗುಂದ, ರೋಣದ ಎರೆ ಹೊಲಗಳಲ್ಲಿ ಕಡಲೆ ಕೀಳುವ ಕೆಲಸ ಶುರುವಾಗುತ್ತದೆ. ಅದರ ಬೆನ್ನಿಗೇ ಹಿಂಗಾರಿ ಜೋಳದ ಸುಗ್ಗಿ ಬರುತ್ತದೆ. ಒಣಗಿದ ಕಡಲೆ ಗಿಡವನ್ನು ಬರಿಗೈಯಿಂದ ಬೇರುಸಹಿತ ಕೀಳುವವರ ಅಂಗೈಯಲ್ಲಿ ಬೊಬ್ಬೆಗಳು ಏಳುತ್ತವೆ, ಬೆರಳ ಸಂದಿಯಲ್ಲಿ ಚರ್ಮ ಸೀಳುತ್ತದೆ, ಆ ಸೀಳಿಗೆ ಕಡಲೆಯ ಹುಳಿ ತಗುಲಿದರೆ ಕೈ ಕೊಡವಿ ನಿಲ್ಲುವಷ್ಟು ಉರಿಯಾಗುತ್ತದೆ. ಜೋಳದ ಹೊಲದಲ್ಲಿ ಕುಡುಗೋಲು ಬೆರಳಿಗೆ ತಾಗುವುದು, ಕೂಳೆ ಕಾಲಿಗೆ ಚುಚ್ಚುವುದು, ಜಾಲಿ ಮುಳ್ಳು ಅಂಗಾಲಲ್ಲಿ ಮುರಿಯುವುದು ಪ್ರತಿ ವರ್ಷವೂ ಇದ್ದದ್ದೇ. ಇಂತಹ ಬಹುಪಾಲು ಗಾಯಗಳನ್ನು ಯಾರೂ ಆಸ್ಪತ್ರೆಗೆ ತೋರಿಸುವುದಿಲ್ಲ, ತೋರಿಸಬೇಕಾದ ಅಗತ್ಯವೂ ಇರುವುದಿಲ್ಲ. ಆದರೆ ಒಂದೇ ಹೊಲದಲ್ಲಿ ಒಂದೇ ದಿನ ಗಾಯ ಮಾಡಿಕೊಂಡ ಇಬ್ಬರಲ್ಲಿ ಒಬ್ಬರ ಗಾಯ ವಾರದಲ್ಲಿ ಮಾಯುತ್ತದೆ, ಇನ್ನೊಬ್ಬರದು ಯುಗಾದಿ ಬಂದರೂ ಹಸಿಯಾಗಿಯೇ ಉಳಿಯುತ್ತದೆ. ಹೊಲಿಗೆ ಬಿಚ್ಚಿದ ಮರುವಾರವೇ ಚೀಲ ಹೊತ್ತವರ ಗಾಯ ಮತ್ತೆ ಬಾಯಿ ಬಿಡುತ್ತದೆ. ಹೀಗೇಕೆ ಎಂಬುದನ್ನು ತಿಳಿಯಬೇಕಾದರೆ, ಗಾಯವಾದ ಕ್ಷಣದಿಂದ ಮೊದಲುಗೊಂಡು ಒಂದು ವರ್ಷದವರೆಗೆ ಚರ್ಮದೊಳಗೆ ನಡೆಯುವ ಕೆಲಸವನ್ನು ಕ್ರಮವಾಗಿ ನೋಡಬೇಕು. ಗಾಯದ ಬಾಯಿ ಮುಚ್ಚುವುದು ಬೇರೆ, ಗಾಯ ಮಾಯುವುದು ಬೇರೆ. ಇವೆರಡರ ನಡುವೆ ತಿಂಗಳುಗಳ ಅಂತರವಿದೆ.

ಗಾಯ ಎಷ್ಟು ಆಳದ್ದು?

ಚರ್ಮದಲ್ಲಿ ಮುಖ್ಯವಾಗಿ ಎರಡು ಪದರಗಳಿವೆ. ಹೊರಚರ್ಮ ಬಹಳ ತೆಳುವಾದುದು. ದೇಹದ ಹೆಚ್ಚಿನ ಭಾಗಗಳಲ್ಲಿ ಅದರ ದಪ್ಪ ಸುಮಾರು 0.1 ಮಿಲಿಮೀಟರ್ ಇದ್ದರೆ, ಅಂಗೈ ಮತ್ತು ಅಂಗಾಲುಗಳಲ್ಲಿ ಒಂದು ಮಿಲಿಮೀಟರನ್ನೂ ಮೀರಬಹುದು. ಅದರಲ್ಲಿ ರಕ್ತನಾಳಗಳಿಲ್ಲ. ಅದರ ಬುಡದಲ್ಲಿರುವ ಜೀವಕೋಶಗಳು ಸದಾ ಒಡೆದು ಎರಡಾಗುತ್ತಾ, ಮೇಲಕ್ಕೆ ಸರಿಯುತ್ತಾ, ಕೊನೆಗೆ ಸತ್ತು ಹೊಟ್ಟಿನಂತೆ ಉದುರುತ್ತವೆ. ಹೀಗೆ ಒಂದೂವರೆ ತಿಂಗಳೊಳಗೆ ಹೊರಚರ್ಮ ಪೂರ್ತಿ ಹೊಸದಾಗುತ್ತದೆ. ಅದರ ಕೆಳಗಿರುವುದು ಒಳಚರ್ಮ. ರಕ್ತನಾಳ, ನರಗಳ ತುದಿ, ಕೂದಲ ಬುಡ, ಬೆವರಿನ ಗ್ರಂಥಿಗಳೆಲ್ಲ ಇರುವುದು ಇಲ್ಲಿಯೇ. ಈ ಪದರಕ್ಕೆ ಬಲ ಕೊಡುವುದು ಕೊಲ್ಲಾಜನ್ ಎಂಬ ಪ್ರೋಟೀನಿನ ಎಳೆಗಳು. ಒಳಚರ್ಮದ ಅಡಿಯಲ್ಲಿ ಕೊಬ್ಬಿನ ಹಾಸು ಇದೆ.

ಕಡಲೆ ಎಲೆಯ ಮೇಲಿನ ಹುಳಿಯಲ್ಲಿ ಮ್ಯಾಲಿಕ್ ಆಮ್ಲ ಮತ್ತು ಆಕ್ಸಾಲಿಕ್ ಆಮ್ಲಗಳಿವೆ. ಗಟ್ಟಿಯಾದ ಹೊರಚರ್ಮವನ್ನು ದಾಟಿ ಅವು ಸುಲಭವಾಗಿ ಒಳಗಿಳಿಯಲಾರವು. ಚರ್ಮ ಸೀಳಿದಾಗ ಮಾತ್ರ ನೇರವಾಗಿ ನರದ ತುದಿಗಳನ್ನು ಮುಟ್ಟುತ್ತವೆ, ಅದಕ್ಕೇ ಅಷ್ಟು ಉರಿ.

ಗಾಯದ ಭವಿಷ್ಯವನ್ನು ಬಹುಮಟ್ಟಿಗೆ ನಿರ್ಧರಿಸುವುದು ಅದರ ಆಳವೇ. ತಿಕ್ಕಾಟದಿಂದ ಏಳುವ ಬೊಬ್ಬೆ ಹೊರಚರ್ಮದೊಳಗಿನ ಬಿರುಕು. ಬುಡದ ಕೋಶಗಳು ಉಳಿದಿರುವುದರಿಂದ ಅದು ಕಲೆ ಬಿಡದೆ ಮಾಯುತ್ತದೆ, ಆದ್ದರಿಂದ ಸಣ್ಣ ಬೊಬ್ಬೆಯನ್ನು ಒಡೆಯದೆ ಬಿಡುವುದೇ ಮೇಲು, ಏಕೆಂದರೆ ಅದರ ಮೇಲಿನ ಚರ್ಮಕ್ಕಿಂತ ಸ್ವಚ್ಛವಾದ ಪಟ್ಟಿ ಬೇರೊಂದಿಲ್ಲ. ಒಳಚರ್ಮದವರೆಗೆ ಇಳಿದ ಗಾಯದ ಕಥೆಯೇ ಬೇರೆ. ಅಲ್ಲಿ ಕಳೆದುಹೋದದ್ದನ್ನು ದೇಹ ಮೊದಲಿನಂತೆಯೇ ಮತ್ತೆ ಬೆಳೆಸಲಾರದು. ಬೇರೊಂದು ವಸ್ತುವಿನಿಂದ ತುಂಬುತ್ತದೆ, ಅದನ್ನೇ ನಾವು ಕಲೆ ಎನ್ನುತ್ತೇವೆ.

ಹೀಗೆ ತುಂಬುವ ಕೆಲಸಕ್ಕೆ ಒಂದು ಕ್ರಮವಿದೆ. ದೊಡ್ಡ ಮಳೆಗೆ ಹೊಲದ ಒಡ್ಡು ಒಡೆದಾಗ ರೈತ ಮೊದಲು ಕೈಗೆ ಸಿಕ್ಕ ಕಲ್ಲು, ಕಂಟಿ ತುರುಕಿ ಹರಿಯುವ ನೀರನ್ನು ತಡೆಯುತ್ತಾನೆ, ಆಮೇಲೆ ಕೊಚ್ಚಿಕೊಂಡು ಬಂದ ಕಸವನ್ನು ಎತ್ತಿಹಾಕುತ್ತಾನೆ, ಬಳಿಕ ಹೊಸ ಮಣ್ಣು ತುಂಬುತ್ತಾನೆ, ಆ ಮಣ್ಣು ಕುಳಿತು ಗಟ್ಟಿಯಾಗುವುದಕ್ಕೆ ಒಂದೆರಡು ಮಳೆಗಾಲ ಬೇಕಾಗುತ್ತದೆ. ಚರ್ಮದಲ್ಲಿಯೂ ಇದೇ ನಾಲ್ಕು ಹಂತಗಳು ಇದೇ ಕ್ರಮದಲ್ಲಿ ನಡೆಯುತ್ತವೆ. ಒಂದು ಪೂರ್ತಿ ಮುಗಿಯುವ ಮೊದಲೇ ಇನ್ನೊಂದು ಆರಂಭವಾಗಿರುತ್ತದೆ.

ಮೊದಲ ಹತ್ತು ನಿಮಿಷ

ಕುಡುಗೋಲು ತಾಗಿದ ಕೂಡಲೇ ಕತ್ತರಿಸಿದ ರಕ್ತನಾಳ ತಾನಾಗಿ ಬಿಗಿದುಕೊಂಡು ಕಿರಿದಾಗುತ್ತದೆ. ರಕ್ತದಲ್ಲಿ ತೇಲುತ್ತಿರುವ ಪ್ಲೇಟ್ಲೆಟ್ ಎಂಬ ಅತಿ ಚಿಕ್ಕ ಕಣಗಳು ನಾಳದ ಹರಿದ ಅಂಚಿಗೆ ಬಂದು ಅಂಟಿಕೊಳ್ಳುತ್ತವೆ. ಆರೋಗ್ಯವಂತರ ಒಂದು ಮೈಕ್ರೋಲೀಟರ್ ರಕ್ತದಲ್ಲಿ, ಅಂದರೆ ಒಂದು ಮಿಲಿಲೀಟರಿನ ಸಾವಿರದಲ್ಲೊಂದು ಪಾಲಿನಲ್ಲಿ, ಇಂತಹ ಕಣಗಳು ಸುಮಾರು ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷದವರೆಗೆ ಇರುತ್ತವೆ. ಡೆಂಗಿ ಬಂದಾಗ ವೈದ್ಯರು ಎಣಿಸಿ ನೋಡುವುದು ಇವನ್ನೇ. ಇವುಗಳ ಗುಡ್ಡೆ ತಾತ್ಕಾಲಿಕವಾದುದು. ಅದನ್ನು ಗಟ್ಟಿ ಮಾಡಲು ರಕ್ತದಲ್ಲಿ ಕರಗಿರುವ ಫೈಬ್ರಿನೋಜನ್ ಎಂಬ ಪ್ರೋಟೀನು ಫೈಬ್ರಿನ್ ಎಂಬ ಎಳೆಗಳಾಗಿ ಮಾರ್ಪಟ್ಟು ಬಲೆ ಹೆಣೆಯುತ್ತದೆ, ಆ ಬಲೆಯಲ್ಲಿ ರಕ್ತಕಣಗಳು ಸಿಕ್ಕಿಕೊಂಡು ಹೆಪ್ಪುಗಟ್ಟುತ್ತವೆ. ಮೇಲೆ ಒಣಗಿದ ಈ ಹೆಪ್ಪೇ ಹಕ್ಕಳೆ.

ಗಾಯವನ್ನು ಒತ್ತಿ ಹಿಡಿಯಬೇಕು ಎನ್ನುವುದು ಈ ಕಾರಣಕ್ಕೆ. ಸ್ವಚ್ಛ ಬಟ್ಟೆಯಿಂದ ಹತ್ತು ನಿಮಿಷ ಬಿಡದೆ ಒತ್ತಿದರೆ ಬಲೆ ಹೆಣೆಯಲು ಬೇಕಾದ ಬಿಡುವು ಸಿಗುತ್ತದೆ. ರಕ್ತ ನಿಂತಿತೇ ಎಂದು ನಿಮಿಷಕ್ಕೊಮ್ಮೆ ಬಟ್ಟೆ ಎತ್ತಿ ನೋಡಿದರೆ ಆ ಬಲೆ ಪ್ರತಿ ಸಲವೂ ಕಿತ್ತುಹೋಗುತ್ತದೆ. ಹೀಗೆ ಒತ್ತಿದ ಮೇಲೂ ರಕ್ತ ನಿಲ್ಲದಿದ್ದರೆ, ಅಥವಾ ಚಿಮ್ಮುತ್ತಿದ್ದರೆ, ಒತ್ತಿಹಿಡಿದುಕೊಂಡೇ ಆಸ್ಪತ್ರೆಗೆ ಹೋಗಬೇಕು.

ಪ್ಲೇಟ್ಲೆಟ್‌ಗಳು ಇನ್ನೊಂದು ಕೆಲಸವನ್ನೂ ಮಾಡುತ್ತವೆ. ತಮ್ಮೊಳಗಿನ ರಾಸಾಯನಿಕಗಳನ್ನು ಸುತ್ತಲೂ ಬಿಟ್ಟು, ಮುಂದಿನ ಹಂತದ ಜೀವಕೋಶಗಳನ್ನು ಗಾಯದ ಜಾಗಕ್ಕೆ ಕರೆಯುತ್ತವೆ.

ಕೆಂಪು, ಬಿಸಿ, ಬಾವು, ನೋವು

ಮರುದಿನ ಗಾಯದ ಸುತ್ತ ಕೆಂಪಾಗಿ, ಮುಟ್ಟಿದರೆ ಬಿಸಿಯಾಗಿ, ಸ್ವಲ್ಪ ಬಾತು ನೋಯುವುದನ್ನು ಕಂಡು ಹಲವರು ಗಾಬರಿಯಾಗುತ್ತಾರೆ. ಈ ನಾಲ್ಕು ಲಕ್ಷಣಗಳನ್ನು ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ರೋಮಿನ ಸೆಲ್ಸಸ್ ಬರೆದಿಟ್ಟಿದ್ದ. ಮೊದಲ ಮೂರು ನಾಲ್ಕು ದಿನ ಇವು ಮಿತದಲ್ಲಿದ್ದರೆ ಚಿಂತೆಯಿಲ್ಲ, ಶುದ್ಧಿಯ ಕೆಲಸ ನಡೆಯುತ್ತಿದೆ ಎಂದೇ ಅರ್ಥ. ರಕ್ತನಾಳಗಳು ಹಿಗ್ಗಿ ಹೆಚ್ಚು ರಕ್ತ ಹರಿಯುವುದರಿಂದ ಕೆಂಪು ಮತ್ತು ಬಿಸಿ. ನಾಳಗಳ ಗೋಡೆಯಿಂದ ನೀರಿನಂಶ ಹೊರಜಿನುಗುವುದರಿಂದ ಬಾವು.

ಅದೇ ಗೋಡೆಯ ಸಂದುಗಳಿಂದ ಬಿಳಿ ರಕ್ತಕಣಗಳೂ ಹೊರಬರುತ್ತವೆ. ಕೆಲವೇ ಗಂಟೆಗಳಲ್ಲಿ ನ್ಯೂಟ್ರೋಫಿಲ್ ಎಂಬ ಕಣಗಳು ಬಂದು ರೋಗಾಣುಗಳನ್ನು ನುಂಗತೊಡಗುತ್ತವೆ. ಅವುಗಳ ಆಯುಷ್ಯ ಚಿಕ್ಕದು. ಸತ್ತ ನ್ಯೂಟ್ರೋಫಿಲ್‌ಗಳು, ರೋಗಾಣುಗಳು ಮತ್ತು ಕರಗಿದ ಕೋಶಗಳು ಸೇರಿದ ದ್ರವವೇ ಕೀವು. ಎರಡು ಮೂರು ದಿನಗಳಲ್ಲಿ ಮ್ಯಾಕ್ರೊಫೇಜ್ ಎಂಬ ದೊಡ್ಡ ಕೋಶಗಳು ಬರುತ್ತವೆ. ಅವು ಉಳಿದ ಕಸವನ್ನು ತಿಂದು ಮುಗಿಸುವುದರ ಜೊತೆಗೆ, ಹೊಸದಾಗಿ ಕಟ್ಟುವ ಕೋಶಗಳಿಗೆ ಕೆಲಸ ಆರಂಭಿಸುವ ಸೂಚನೆಯನ್ನೂ ಕೊಡುತ್ತವೆ. ಗಾಯ ಮಾಯುವ ಇಡೀ ಕ್ರಮದಲ್ಲಿ ಯಾವುದಾದರೂ ಒಂದು ಕೋಶವನ್ನು ಮುಖ್ಯವೆಂದು ಹೇಳಬೇಕಾದರೆ ಇದನ್ನೇ ಹೇಳಬೇಕು.

ದೇಹದ ಕೋಶಗಳು ಹೊರಗಿನ ವಸ್ತುವನ್ನು ಮುತ್ತಿ ನುಂಗುತ್ತವೆ ಎಂಬುದು ತಿಳಿದದ್ದೂ ಒಂದು ಮುಳ್ಳಿನಿಂದಲೇ. 1882ರಲ್ಲಿ ರಷ್ಯಾದ ವಿಜ್ಞಾನಿ ಇಲ್ಯಾ ಮೆಚ್ನಿಕಾಫ್ ಇಟಲಿಯ ಮೆಸ್ಸಿನಾದಲ್ಲಿದ್ದಾಗ, ನಕ್ಷತ್ರಮೀನಿನ ಪಾರದರ್ಶಕ ಮರಿಯೊಳಗೆ ಮುಳ್ಳು ಚುಚ್ಚಿಟ್ಟು ಮರುದಿನ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಅಲೆದಾಡುವ ಕೋಶಗಳು ಮುಳ್ಳಿನ ಸುತ್ತ ನೆರೆದಿದ್ದವು. ಈ ದಾರಿಯ ಸಂಶೋಧನೆಗೆ ಅವರಿಗೆ 1908ರ ನೊಬೆಲ್ ಪ್ರಶಸ್ತಿ ಬಂತು. ಅಂಗಾಲಲ್ಲಿ ಮುರಿದುಳಿದ ಜಾಲಿ ಮುಳ್ಳಿನ ಸುತ್ತ ಕೀವು ತುಂಬುವುದೂ ಇದೇ ಕಾರಣಕ್ಕೆ. ಕೋಶಗಳು ಅದನ್ನು ನುಂಗಲಾರವು, ಸುಮ್ಮನೆ ಬಿಡಲೂ ಆರವು; ಮುಳ್ಳು ಹೊರಬರುವವರೆಗೆ ಈ ಹಂತ ಮುಗಿಯುವುದಿಲ್ಲ, ಮುಂದಿನದು ಸರಿಯಾಗಿ ಆರಂಭವಾಗುವುದೂ ಇಲ್ಲ.

ಗಾಯವನ್ನು ಮೊದಲಿಗೆ ಹರಿಯುವ ಸ್ವಚ್ಛ ನೀರಿನಲ್ಲಿ ಚೆನ್ನಾಗಿ ತೊಳೆಯುವುದರಿಂದ ಈ ಕೋಶಗಳ ಹೊರೆ ಇಳಿಯುತ್ತದೆ. ಕುಡಿಯಲು ಯೋಗ್ಯವಾದ ನೀರು ಸಾಕು. ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್‌ಗಳನ್ನು ಹಸಿ ಗಾಯಕ್ಕೆ ಮತ್ತೆ ಮತ್ತೆ ಸುರಿದರೆ ರೋಗಾಣುಗಳ ಜೊತೆಗೆ ಕಟ್ಟುವ ಕೋಶಗಳೂ ಸಾಯುತ್ತವೆ. ಅರಿಶಿಣದ ಮಾತು ಇಲ್ಲಿ ಬಂದೇ ಬರುತ್ತದೆ. ಅದರಲ್ಲಿನ ಕುರ್ಕುಮಿನ್ ಎಂಬ ಅಂಶಕ್ಕೆ ಬಾವನ್ನು ತಗ್ಗಿಸುವ ಗುಣವಿದೆ ಎಂಬುದನ್ನು ಪ್ರಯೋಗಾಲಯಗಳು ತೋರಿಸಿವೆ. ಗಾಯಕ್ಕೆ ಅರಿಶಿಣ ಬಳಸುವುದಕ್ಕೆ 1995ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಕೊಟ್ಟಾಗ ಭಾರತದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ ಅದನ್ನು ಪ್ರಶ್ನಿಸಿತು, 1997ರಲ್ಲಿ ಅದು ರದ್ದಾಯಿತು. ಆದರೆ ಆ ತೀರ್ಮಾನ ಹೇಳಿದ್ದು ಈ ಬಳಕೆ ಹೊಸದಲ್ಲ ಎಂಬುದನ್ನು ಮಾತ್ರ. ಅಡುಗೆಮನೆಯ ಡಬ್ಬಿಯ ಪುಡಿ ಹಸಿ ಗಾಯಕ್ಕೆ ಸುರಕ್ಷಿತ ಎಂದು ಅದು ಹೇಳಲಿಲ್ಲ. ಆ ಪುಡಿ ರೋಗಾಣುಮುಕ್ತವಾಗಿರುವುದಿಲ್ಲ. ಕಾಫಿ ಪುಡಿ, ಸುಣ್ಣ, ಬೂದಿಗಳು ಗಾಯದೊಳಗೆ ಕಸವಾಗಿಯೇ ಉಳಿಯುತ್ತವೆ.

ಮಣ್ಣು ತಾಗಿದ ಗಾಯ ಮತ್ತು ಧನುರ್ವಾಯು

ಧನುರ್ವಾಯುವಿಗೆ ಕಾರಣವಾದ ಬ್ಯಾಕ್ಟೀರಿಯಾ ಬೀಜಕಗಳ ರೂಪದಲ್ಲಿ ಮಣ್ಣಿನಲ್ಲಿ, ದನಕರುಗಳ ಸಗಣಿಯಲ್ಲಿ ವರ್ಷಗಟ್ಟಲೆ ಬದುಕಿರುತ್ತದೆ. ಗಾಳಿ ಇರುವಲ್ಲಿ ಅದು ಬೆಳೆಯಲಾರದು. ಆದ್ದರಿಂದ ಅಗಲವಾಗಿ ತೆರೆದ ಗಾಯಕ್ಕಿಂತ, ಮುಳ್ಳು ಅಥವಾ ಮೊಳೆ ಚುಚ್ಚಿ ಮೇಲೆ ಮುಚ್ಚಿಕೊಂಡ ಆಳವಾದ ಗಾಯ ಅದಕ್ಕೆ ಹೆಚ್ಚು ಅನುಕೂಲ. ತುಕ್ಕಿನಿಂದಲೇ ಈ ರೋಗ ಬರುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ; ಅಪಾಯವಿರುವುದು ತುಕ್ಕಿಗೆ ಅಂಟಿದ ಮಣ್ಣಿನಲ್ಲಿ ಮತ್ತು ಗಾಯದ ಆಳದಲ್ಲಿ. ಸಾಮಾನ್ಯವಾಗಿ ಮೂರರಿಂದ ಇಪ್ಪತ್ತೊಂದು ದಿನಗಳೊಳಗೆ ದವಡೆ ಬಿಗಿಯುವುದರಿಂದ ರೋಗ ಆರಂಭವಾಗುತ್ತದೆ, ಅಷ್ಟರಲ್ಲಿ ಗಾಯ ಮೇಲ್ನೋಟಕ್ಕೆ ಮುಚ್ಚಿರಲೂಬಹುದು.

ಲಸಿಕೆಯೊಂದೇ ಇದಕ್ಕೆ ಭರವಸೆಯ ತಡೆ. ಬಾಣಂತಿಯರಲ್ಲಿ ಮತ್ತು ನವಜಾತ ಶಿಶುಗಳಲ್ಲಿ ಈ ರೋಗವನ್ನು ಭಾರತ ನಿವಾರಿಸಿದೆ ಎಂದು 2015ರಲ್ಲಿ ದೃಢಪಟ್ಟದ್ದರ ಹಿಂದೆ ಲಸಿಕೆಯ ಮತ್ತು ಸ್ವಚ್ಛ ಹೆರಿಗೆಯ ಪಾತ್ರ ದೊಡ್ಡದು. ಆದರೆ ಲಸಿಕೆಯ ಬಲ ಕಾಲಕ್ರಮದಲ್ಲಿ ಕುಗ್ಗುತ್ತದೆ. ಹಿಂದಿನ ಲಸಿಕೆಗಳು ಸರಿಯಾಗಿ ಆಗಿದ್ದವರಿಗೂ ಕೊನೆಯ ಚುಚ್ಚುಮದ್ದಿನಿಂದ ಹತ್ತು ವರ್ಷ ದಾಟಿದ್ದರೆ, ಮಣ್ಣು ಸಗಣಿ ತಾಗಿದ ಅಥವಾ ಆಳವಾದ ಗಾಯವಾದರೆ ಐದು ವರ್ಷ ದಾಟಿದ್ದರೂ, ಮತ್ತೊಂದು ಬೇಕಾಗುತ್ತದೆ. ಹಿಂದೆ ಲಸಿಕೆ ಆಗಿದೆಯೋ ಇಲ್ಲವೋ ನೆನಪಿಲ್ಲದವರು ಅದನ್ನು ವೈದ್ಯರಿಗೆ ಹೇಳಲೇಬೇಕು. ಅಂಥವರಿಗೆ ಇನ್ನೊಂದು ಬಗೆಯ ಮದ್ದೂ ಬೇಕಾಗಬಹುದು.

ಹೊಸ ಮಾಂಸ, ಹೊಸ ಹೊದಿಕೆ

ನಾಲ್ಕನೆಯ ಐದನೆಯ ದಿನದ ಹೊತ್ತಿಗೆ ಗಾಯದ ತಳದಲ್ಲಿ ಕೆಂಪಾದ, ಹರಳು ಹರಳಾದ ಹೊಸ ಮಾಂಸ ಕಾಣಿಸುತ್ತದೆ. ಆ ಹರಳುಗಳಲ್ಲಿ ಹೊಸದಾಗಿ ಮೊಳೆತ ಸೂಕ್ಷ್ಮ ರಕ್ತನಾಳಗಳಿರುತ್ತವೆ. ಮುಟ್ಟಿದರೆ ಬೇಗ ರಕ್ತ ಬರುವುದು ಅದಕ್ಕೇ. ಗಾಯದ ನಡುವೆ ಆಮ್ಲಜನಕ ಕಡಿಮೆಯಾದದ್ದೇ ಹೊಸ ನಾಳಗಳು ಅತ್ತ ಬೆಳೆಯಲು ಪ್ರೇರಣೆ. ಆ ನಾಳಗಳ ಜೊತೆಯಲ್ಲಿ ಫೈಬ್ರೊಬ್ಲಾಸ್ಟ್ ಎಂಬ ಕೋಶಗಳು ಬಂದು ಕೊಲ್ಲಾಜನ್ ಎಳೆಗಳನ್ನು ಹಾಸತೊಡಗುತ್ತವೆ. ಅವುಗಳಲ್ಲಿ ಕೆಲವು ಸ್ನಾಯುವಿನ ಗುಣ ಪಡೆದು, ಗಾಯದ ಅಂಚುಗಳನ್ನು ಹಿಡಿದು ಒಳಕ್ಕೆ ಎಳೆಯುತ್ತವೆ. ದೊಡ್ಡ ಗಾಯ ದಿನದಿಂದ ದಿನಕ್ಕೆ ಕುಗ್ಗಿದಂತೆ ಕಾಣುವುದಕ್ಕೆ ಈ ಎಳೆತ ಒಂದು ಮುಖ್ಯ ಕಾರಣ. ಕೀಲುಗಳ ಮೇಲಿನ ಸುಟ್ಟ ಗಾಯಗಳಲ್ಲಿ ಇದೇ ಎಳೆತ ಮಿತಿಮೀರಿ ಬೆರಳು, ಮೊಣಕೈಗಳು ಬಾಗಿದಲ್ಲೇ ಬಿಗಿದುಕೊಳ್ಳುತ್ತವೆ; ಅಂಥವರಿಗೆ ಆರಂಭದಿಂದಲೇ ವ್ಯಾಯಾಮ ಹೇಳಿಕೊಡುವುದು ಇದಕ್ಕಾಗಿ.

ಇತ್ತ ಮೇಲ್ಭಾಗದಲ್ಲಿ ಹೊರಚರ್ಮದ ಕೋಶಗಳು ಗಾಯದ ಅಂಚಿನಿಂದ ಹೊರಟು, ಒಂದರ ಹಿಂದೊಂದು ಹೊಸ ಮಾಂಸದ ಮೇಲೆ ಸರಿಯುತ್ತಾ ನಡುವಿನಲ್ಲಿ ಕೂಡಿಕೊಳ್ಳುತ್ತವೆ. ಗಾಯ ತೀರಾ ಆಳವಾಗಿರದಿದ್ದರೆ ಕೂದಲ ಬುಡಗಳಲ್ಲಿ ಮತ್ತು ಬೆವರಿನ ಗ್ರಂಥಿಗಳಲ್ಲಿ ಉಳಿದ ಕೋಶಗಳೂ ಈ ಕೆಲಸಕ್ಕೆ ಸೇರುತ್ತವೆ. ಮೊಣಕಾಲು ತರಚಿದ ಜಾಗದಲ್ಲಿ ನಡುನಡುವೆ ಚರ್ಮದ ಸಣ್ಣ ದ್ವೀಪಗಳು ಮೂಡುವುದು ಹೀಗೆ.

ಗಾಯವನ್ನು ಗಾಳಿಗೆ ಬಿಟ್ಟು ಒಣಗಿಸಬೇಕೇ, ಕಟ್ಟಿ ಮುಚ್ಚಬೇಕೇ ಎಂಬ ಪ್ರಶ್ನೆಗೆ ಉತ್ತರವೂ ಈ ಸರಿದಾಟದಲ್ಲಿಯೇ ಇದೆ. 1962ರಲ್ಲಿ ಬ್ರಿಟನ್ನಿನ ಜಾರ್ಜ್ ವಿಂಟರ್ ಹಂದಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ, ತೇವ ಆರದಂತೆ ತೆಳುಪೊರೆಯಿಂದ ಮುಚ್ಚಿದ ಗಾಯಗಳ ಮೇಲೆ ಹೊಸ ಚರ್ಮ, ಒಣಗಲು ಬಿಟ್ಟ ಗಾಯಗಳಿಗಿಂತ ಸುಮಾರು ಎರಡು ಪಟ್ಟು ವೇಗದಲ್ಲಿ ಹರಡಿತು. ಒಣ ಹಕ್ಕಳೆಯ ಕೆಳಗೆ ಕೋಶಗಳು ತೇವವಿರುವ ಪದರವನ್ನು ಹುಡುಕಿಕೊಂಡು ಆಳದಲ್ಲಿ ಸರಿಯಬೇಕಾಗುತ್ತದೆ. ಹಾಗೆಂದು ಗಾಯವನ್ನು ನೀರಿನಲ್ಲಿ ನೆನೆಸಬೇಕೆಂದಲ್ಲ. ತೊಳೆದ ಸ್ವಚ್ಛ ಗಾಯಕ್ಕೆ ತೆಳುವಾಗಿ ವ್ಯಾಸಲೀನ್ ಸವರಿ, ಶುದ್ಧ ಪಟ್ಟಿಯಿಂದ ಮುಚ್ಚಿ, ಪಟ್ಟಿ ಒದ್ದೆಯಾದಾಗ ಅಥವಾ ಕೊಳೆಯಾದಾಗ ಬದಲಿಸಿದರೆ ಸಾಕು. ಹಕ್ಕಳೆಯನ್ನು ಕಿತ್ತರೆ ಅದಕ್ಕಂಟಿದ ಹೊಸ ಕೋಶಗಳೂ ಕಿತ್ತು ಬರುತ್ತವೆ.

ಹೊಲಿಗೆ ಬಿಚ್ಚಿದ ಮೇಲೆ

ಹೊಲಿಗೆ ಗಾಯವನ್ನು ಮಾಯಿಸುವುದಿಲ್ಲ. ಅಂಚುಗಳನ್ನು ಹತ್ತಿರ ಹಿಡಿದು, ತುಂಬಬೇಕಾದ ಜಾಗವನ್ನು ಕಿರಿದುಗೊಳಿಸುತ್ತದೆ. ಮುಖಕ್ಕೆ ರಕ್ತಸಂಚಾರ ಹೇರಳವಾಗಿರುವುದರಿಂದ ಅಲ್ಲಿನ ಹೊಲಿಗೆಯನ್ನು ಐದು ದಿನದೊಳಗೇ ಬಿಚ್ಚಬಹುದು. ಕೈಕಾಲುಗಳಲ್ಲಿ ಹತ್ತರಿಂದ ಹದಿನಾಲ್ಕು ದಿನ ಬೇಕು. ಆ ಹೊತ್ತಿಗೆ ಮೇಲಿನ ಹೊದಿಕೆ ಕೂಡಿರುತ್ತದೆ, ನೋವು ಇಳಿದಿರುತ್ತದೆ, ಗಾಯ ವಾಸಿಯಾಯಿತು ಎಂದು ಅನ್ನಿಸುತ್ತದೆ. ಹೆಚ್ಚಿನ ತಪ್ಪುಗಳು ಆಗುವುದು ಇಲ್ಲಿಯೇ. ಒಂದು ವಾರ ಕಳೆದ ಗಾಯಕ್ಕೆ ಮೂಲ ಚರ್ಮದ ಬಲದ ಶೇಕಡಾ 3ರಷ್ಟು ಮಾತ್ರ ಬಲವಿರುತ್ತದೆ. ಮೂರು ವಾರಕ್ಕೆ ಶೇಕಡಾ 20ರಿಂದ 30. ಮೂರು ತಿಂಗಳಿಗೆ ಶೇಕಡಾ 80ರ ಆಸುಪಾಸು. ಅದಕ್ಕಿಂತ ಹೆಚ್ಚಿನ ಬಲ ಅದಕ್ಕೆ ಮುಂದೆಯೂ ಬರುವುದಿಲ್ಲ.

ಈ ಬಲ ಬರುವುದು ಕೊಲ್ಲಾಜನ್ನಿನ ಮರುಜೋಡಣೆಯಿಂದ. ಆತುರದಲ್ಲಿ ಹಾಸಿದ ಮೊದಲ ಎಳೆಗಳು ತೆಳುವಾದ, ಮೂರನೆಯ ಬಗೆ ಎಂದು ಕರೆಯುವ ಕೊಲ್ಲಾಜನ್ನಿನವು. ಮೂರನೆಯ ವಾರದಿಂದ ಒಂದು ವರ್ಷದವರೆಗೂ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ, ದೇಹ ಆ ಎಳೆಗಳನ್ನು ಕರಗಿಸಿ ದಪ್ಪವಾದ ಒಂದನೆಯ ಬಗೆಯ ಎಳೆಗಳನ್ನು ಕೂರಿಸುತ್ತಾ ಹೋಗುತ್ತದೆ. ಮೂಲ ಚರ್ಮದಲ್ಲಿ ಈ ಎಳೆಗಳು ಎಲ್ಲ ದಿಕ್ಕುಗಳಿಗೂ ಹೆಣೆದುಕೊಂಡಿದ್ದರೆ, ಕಲೆಯಲ್ಲಿ ಹೆಚ್ಚಾಗಿ ಒಂದೇ ದಿಕ್ಕಿಗೆ ಸಾಲುಗಟ್ಟಿರುತ್ತವೆ. ಹೆಚ್ಚುವರಿ ರಕ್ತನಾಳಗಳು ಕ್ರಮೇಣ ಇಲ್ಲವಾಗುವುದರಿಂದ ಕೆಂಪಗಿದ್ದ ಕಲೆ ತಿಂಗಳುಗಳು ಕಳೆದಂತೆ ಮಾಸುತ್ತದೆ. ಆಳವಾದ ಕಲೆಯ ಮೇಲೆ ಕೂದಲು ಬೆಳೆಯುವುದಿಲ್ಲ, ಬೆವರೂ ಬರುವುದಿಲ್ಲ. ಬಿಸಿಲಿಗೆ ಹೊಸ ಕಲೆ ಬೇಗ ಕಪ್ಪಾಗುವುದರಿಂದ ಮೊದಲ ಕೆಲವು ತಿಂಗಳು ಅದನ್ನು ಮುಚ್ಚಿಕೊಳ್ಳುವುದು ಒಳ್ಳೆಯದು. ಕೆಲವರಲ್ಲಿ, ವಿಶೇಷವಾಗಿ ಎದೆ, ಭುಜ, ಕಿವಿಯ ಹಾಲೆಗಳಲ್ಲಿ, ಕೊಲ್ಲಾಜನ್ ಹಾಸುವ ಕೆಲಸ ನಿಲ್ಲದೆ ಮುಂದುವರಿದು, ಕಲೆ ಗಾಯದ ಗಡಿಯನ್ನೇ ಮೀರಿ ಗಂಟಿನಂತೆ ಬೆಳೆಯುತ್ತದೆ. ಅದಕ್ಕೆ ಕೀಲಾಯ್ಡ್ ಎಂದು ಹೆಸರು. ಬರೀ ಕತ್ತರಿಸಿ ತೆಗೆದರೆ ಅದು ಮತ್ತೆ ಬೆಳೆಯುವ ಸಾಧ್ಯತೆ ಹೆಚ್ಚು.

ಕರಗಿಸುವ ಮತ್ತು ಕೂರಿಸುವ ಈ ಕೆಲಸ ಕಲೆಯಲ್ಲಿ ಜೀವನವಿಡೀ ಮಂದಗತಿಯಲ್ಲಿ ನಡೆದೇ ಇರುತ್ತದೆ. 1740ರಿಂದ 1744ರವರೆಗೆ ಜಾರ್ಜ್ ಆನ್ಸನ್ ನಾಯಕತ್ವದಲ್ಲಿ ಭೂಮಿಯನ್ನು ಸುತ್ತಿದ ಬ್ರಿಟಿಷ್ ನೌಕಾಯಾನದ ದಾಖಲೆಯಲ್ಲಿ ಇದರ ಸಾಕ್ಷ್ಯವಿದೆ: 1690ರ ಯುದ್ಧದಲ್ಲಿ ಗಾಯಗೊಂಡು ಪೂರ್ತಿ ಗುಣವಾಗಿದ್ದ ಒಬ್ಬ ನಾವಿಕನಿಗೆ ಹಡಗಿನಲ್ಲಿ ಸ್ಕರ್ವಿ ಬಂದಾಗ, ಐವತ್ತು ವರ್ಷಗಳ ಹಿಂದಿನ ಆ ಗಾಯಗಳು ಮತ್ತೆ ತೆರೆದುಕೊಂಡವು. ಸ್ಕರ್ವಿ ಎಂದರೆ ವಿಟಮಿನ್ ಸಿ ಕೊರತೆಯ ರೋಗ. ಆ ವಿಟಮಿನ್ ಇಲ್ಲದೆ ಗಟ್ಟಿಯಾದ ಕೊಲ್ಲಾಜನ್ ತಯಾರಾಗುವುದಿಲ್ಲ. ಕರಗುವುದು ನಡೆದು ಕೂರುವುದು ನಿಂತರೆ ಹಳೆಯ ಕಲೆಯೂ ಬಿಚ್ಚಿಕೊಳ್ಳುತ್ತದೆ.

ಪಥ್ಯದ ಮಾತು

ಅಮೆರಿಕದ ಶಸ್ತ್ರವೈದ್ಯ ಜಾನ್ ಕ್ರ್ಯಾಂಡನ್ ಇದನ್ನು ತಮ್ಮ ಮೈಮೇಲೆಯೇ ಪರೀಕ್ಷಿಸಿ 1940ರಲ್ಲಿ ಪ್ರಕಟಿಸಿದರು. ವಿಟಮಿನ್ ಸಿ ಇಲ್ಲದ ಆಹಾರ ತಿನ್ನುತ್ತಾ ಮೂರು ತಿಂಗಳಾದಾಗ ಬೆನ್ನಿನ ಮೇಲೆ ಮಾಡಿಸಿಕೊಂಡ ಗಾಯ ಎಂದಿನಂತೆ ಮಾಯಿತು. ಆರು ತಿಂಗಳಾದಾಗ ಮಾಡಿಸಿಕೊಂಡ ಗಾಯ ಒಳಗೆ ಕೂಡಲೇ ಇಲ್ಲ. ವಿಟಮಿನ್ ಸಿ ತೆಗೆದುಕೊಂಡ ಮೇಲೆ ಅದು ಮಾಯಿತು.

ನಮ್ಮಲ್ಲಿ ಗಾಯವಾದವರಿಗೆ, ಆಪರೇಷನ್ ಆದವರಿಗೆ ನಂಜಾಗುತ್ತದೆಂದು ಬೇಳೆ, ಮೊಟ್ಟೆ, ಶೇಂಗಾ, ಬದನೆಕಾಯಿಗಳನ್ನು ನಿಲ್ಲಿಸಿ ಬರೀ ಗಂಜಿ, ಅನ್ನ ತಿಳಿಸಾರಿನ ಮೇಲೆ ಇಡುವ ರೂಢಿಯಿದೆ. ಹಿರಿಯರು ಇದನ್ನು ಕಾಳಜಿಯಿಂದಲೇ ಹೇಳುತ್ತಾರೆ. ಆದರೆ ಕೊಲ್ಲಾಜನ್ನೂ ಪ್ರೋಟೀನು, ಬಿಳಿ ರಕ್ತಕಣ ಕಟ್ಟುವುದೂ ಪ್ರೋಟೀನಿನಿಂದಲೇ. ದೇಹಕ್ಕೆ ಅದು ಅತಿ ಹೆಚ್ಚು ಬೇಕಾದ ವಾರಗಳಲ್ಲಿಯೇ ಅದನ್ನು ತಪ್ಪಿಸಿದರೆ ಗಾಯ ನಿಧಾನವಾಗುತ್ತದೆ. ವೈದ್ಯರು ಬೇರೆ ಕಾರಣಕ್ಕೆ ಬೇಡವೆನ್ನದಿದ್ದರೆ, ಅಥವಾ ಯಾವುದಾದರೂ ಪದಾರ್ಥ ಮೊದಲಿನಿಂದಲೂ ಮೈಗೆ ಒಗ್ಗದಿದ್ದರೆ ಹೊರತು, ಮಡಕೆ ಕಾಳಿನ ಪಲ್ಯ, ಹೆಸರುಬೇಳೆ, ಶೇಂಗಾ ಹಿಂಡಿ, ಮೊಸರು, ಮೊಟ್ಟೆ ಇವನ್ನು ಬಿಡಬೇಕಾಗಿಲ್ಲ. ವಿಟಮಿನ್ ಸಿ ಬೇಕೆಂದರೆ ಹುಬ್ಬಳ್ಳಿ ಧಾರವಾಡದ ನಡುವಿನ ನವಲೂರಿನ ಪೇರಲ ಹಣ್ಣು ಇದೆ. ಪೇರಲದಲ್ಲಿ ಅದು ಕಿತ್ತಳೆಗಿಂತ ಹಲವು ಪಟ್ಟು ಹೆಚ್ಚು.

ಬೀಡಿ ಸಿಗರೇಟು ಸೇದುವವರ ಗಾಯ ತಡವಾಗುವುದಕ್ಕೂ ಸ್ಪಷ್ಟ ಕಾರಣವಿದೆ. ನಿಕೋಟಿನ್ ಚರ್ಮದ ರಕ್ತನಾಳಗಳನ್ನು ಬಿಗಿಗೊಳಿಸುತ್ತದೆ, ಹೊಗೆಯ ಕಾರ್ಬನ್ ಮಾನಾಕ್ಸೈಡ್ ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಹಿಡಿಯುತ್ತದೆ.

ತಿಂಗಳಾದರೂ ಮಾಯದ ಗಾಯ

ಸಕ್ಕರೆ ಕಾಯಿಲೆ ಹಲವು ವರ್ಷ ಹತೋಟಿ ತಪ್ಪಿದವರಲ್ಲಿ ಮೂರು ತೊಂದರೆಗಳು ಒಟ್ಟಿಗೆ ಬರುತ್ತವೆ. ಕಾಲಿನ ನರಗಳು ಮಂದವಾಗುವುದರಿಂದ ಕೂಳೆ ಚುಚ್ಚಿದ್ದೂ ಚಪ್ಪಲಿ ಕಚ್ಚಿದ್ದೂ ತಿಳಿಯುವುದಿಲ್ಲ. ರಕ್ತನಾಳಗಳು ಕಿರಿದಾಗುವುದರಿಂದ ಕಟ್ಟುವ ಸಾಮಗ್ರಿ ಗಾಯಕ್ಕೆ ತಲುಪುವುದಿಲ್ಲ. ರಕ್ತದಲ್ಲಿ ಸಕ್ಕರೆ ಏರಿರುವಾಗ ಬಿಳಿ ರಕ್ತಕಣಗಳು ರೋಗಾಣುಗಳನ್ನು ಕೊಲ್ಲುವ ಶಕ್ತಿಯನ್ನು ಕಳೆದುಕೊಳ್ಳುತ್ತವೆ. ಇದರಿಂದ ಗಾಯ ಎರಡನೆಯ ಹಂತದಲ್ಲಿಯೇ ಸಿಕ್ಕಿಕೊಳ್ಳುತ್ತದೆ: ಶುದ್ಧಿ ಮುಗಿಯುವುದಿಲ್ಲ, ಕಟ್ಟುವುದು ಆರಂಭವಾಗುವುದಿಲ್ಲ. ನೋವಿಲ್ಲದಿರುವುದೇ ಇಲ್ಲಿ ಹೆಚ್ಚಿನ ಅಪಾಯ, ಏಕೆಂದರೆ ಅಂಥವರು ಅದೇ ಗಾಯದ ಮೇಲೆ ದಿನವೂ ನಡೆಯುತ್ತಾರೆ.

ಸಕ್ಕರೆ ಕಾಯಿಲೆಯಿರುವವರು ಹೊಲದಲ್ಲಿಯೂ ಮನೆಯಂಗಳದಲ್ಲಿಯೂ ಬರಿಗಾಲಲ್ಲಿ ನಡೆಯಬಾರದು. ರಾತ್ರಿ ಕಾಲು ತೊಳೆದು ಒರೆಸಿಕೊಂಡ ಮೇಲೆ ಅಂಗಾಲು, ಬೆರಳ ಸಂದಿ, ಚಳಿಗಾಲದಲ್ಲಿ ಒಡೆದ ಹಿಮ್ಮಡಿಗಳನ್ನು ಬೆಳಕಿನಲ್ಲಿ ನೋಡಿಕೊಳ್ಳಬೇಕು. ಬಾಗಲಾಗದವರು ಕನ್ನಡಿ ಇಟ್ಟುಕೊಳ್ಳಬಹುದು, ಕಣ್ಣು ಮಂಜಾದವರ ಕಾಲನ್ನು ಮನೆಯವರೇ ನೋಡಬೇಕು. ಅಂಥವರ ಪಾದದಲ್ಲಿ ಎಷ್ಟೇ ಚಿಕ್ಕ ಗಾಯ ಕಂಡರೂ ಕಾಯದೆ ತೋರಿಸುವುದು ಸರಿ. ಉಳಿದವರು ಗಮನಿಸಬೇಕಾದದ್ದು ಬದಲಾವಣೆಯನ್ನು: ಮೂರು ನಾಲ್ಕು ದಿನಗಳ ನಂತರ ಕೆಂಪು ಇಳಿಯುವ ಬದಲು ಸುತ್ತಲೂ ಹರಡುತ್ತಿದ್ದರೆ, ಗಾಯದಿಂದ ಮೇಲಕ್ಕೆ ಕೆಂಪು ಗೆರೆ ಏರುತ್ತಿದ್ದರೆ, ಕೀವು ದುರ್ವಾಸನೆ ಬಂದರೆ, ಜ್ವರ ಕಾಣಿಸಿದರೆ ಅದೇ ದಿನ ವೈದ್ಯರ ಬಳಿ ಹೋಗಬೇಕು. ನಾಯಿ ಕಚ್ಚಿದ ಗಾಯಕ್ಕೆ ಈ ಕಾಯುವ ಲೆಕ್ಕ ಅನ್ವಯಿಸುವುದಿಲ್ಲ. ಸಾಬೂನು ಹಚ್ಚಿ ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ತೊಳೆದು ಕೂಡಲೇ ರೇಬಿಸ್ ಲಸಿಕೆಗೆ ಹೋಗಬೇಕು.

ಚಿಕಿತ್ಸೆ ನಡೆಯುತ್ತಿರುವ ಪಾದದ ಗಾಯ ನಾಲ್ಕು ವಾರಗಳಲ್ಲಿ ಮೊದಲಿನ ಅರ್ಧದಷ್ಟಕ್ಕಾದರೂ ಕುಗ್ಗದಿದ್ದರೆ, ಅದು ತಾನಾಗಿ ಮಾಯುವ ಸಾಧ್ಯತೆ ಕಡಿಮೆ ಎಂದು ವೈದ್ಯರು ಭಾವಿಸುತ್ತಾರೆ. ಆಗ ಪಟ್ಟಿ ಬದಲಿಸುತ್ತಾ ಕೂರುವುದರ ಬದಲು ಕಾಲಿನ ರಕ್ತಸಂಚಾರವನ್ನು, ಎಲುಬಿಗೆ ಸೋಂಕು ಇಳಿದಿದೆಯೇ ಎಂಬುದನ್ನು ಪರೀಕ್ಷಿಸಬೇಕಾಗುತ್ತದೆ, ಸತ್ತ ಭಾಗವನ್ನು ಕೆರೆದು ತೆಗೆಯಬೇಕಾಗುತ್ತದೆ. ಈ ವ್ಯವಸ್ಥೆ ಹಿಂದೆ ಕಿಮ್ಸ್ ಎಂಬ ಹೆಸರಿದ್ದ ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜಿನಂತಹ ದೊಡ್ಡ ಆಸ್ಪತ್ರೆಗಳಲ್ಲಿದೆ. ಅಷ್ಟರವರೆಗೆ ಗಾಯದ ಮೇಲೆ ಮೈಭಾರ ಬೀಳದಂತೆ ನೋಡಿಕೊಳ್ಳುವುದು ಔಷಧದಷ್ಟೇ ಮುಖ್ಯ. ಭಾರವನ್ನು ಬೇರೆಡೆಗೆ ಹಂಚುವ ಪಾದರಕ್ಷೆ ಅಥವಾ ಪ್ಲಾಸ್ಟರ್ ಕಟ್ಟನ್ನು ವೈದ್ಯರು ಕೊಟ್ಟಿದ್ದರೆ, ಮನೆಯೊಳಗೆ ನಾಲ್ಕು ಹೆಜ್ಜೆ ಇಡುವಾಗಲೂ ಅದನ್ನು ಬಿಡಬಾರದು.